ಮರಳಿಗಿಳಿದ ಎಕ್ಸ್‌ರೇ ವ್ಯಾನು

ಆ ವ್ಯಾನನ್ನು ನಾನು ಮೊದಲು ನೋಡಿದಾಗ ಅದರ ಡ್ಯಾಶ್‌ಬೋರ್ಡಿನ ಮೇಲೆ ಸಾಲಾಗಿದ್ದ ಮೂರು ಸ್ವಿಚ್ಚುಗಳಿಗೆ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರ್ ಹಚ್ಚಿದ್ದರು. ಪ್ಲಾಸ್ಟರಿನ ಮೇಲೆ ನೀಲಿ ಶಾಯಿಯಲ್ಲಿ 'ಮುಟ್ಟಬಾರದು' ಎಂದು ಬರೆದಿತ್ತು. ಅಕ್ಷರ ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿಯವರದು. ಮಾತ್ರೆಯ ಕಪಾಟಿನ ಮೇಲೂ ಜನರೇಟರಿನ ಮೇಲೂ ಅವರದೇ ಅಕ್ಷರವಿತ್ತು.

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ವಿದೇಶಿ ವ್ಯಾನು ಅದು. ದಾನಿಗಳೊಬ್ಬರು ಕುಂದಾಪುರದ ನಮ್ಮ ಟ್ರಸ್ಟ್ ಆಸ್ಪತ್ರೆಗೆ ಕೊಟ್ಟದ್ದು. ಹಿಂಭಾಗದಲ್ಲಿ ಎದೆಯ ಎಕ್ಸ್‌ರೇ ಯಂತ್ರ, ಅದರಾಚೆ ಸೀಸದ ತಗಡು ಹೊಡೆದ ಒಂದು ಗೋಡೆ, ಫಿಲ್ಮ್ ತೊಳೆಯಲು ಕಪಾಟಿನಷ್ಟೇ ಅಗಲದ ಕತ್ತಲಕೋಣೆ. ಬಸ್ಸು ಹೋಗದ ಕಡಲತಡಿಯ ಕೇರಿಗಳಿಗೆ ಹೋಗಿ ಕ್ಷಯ ಪತ್ತೆ ಮಾಡಬೇಕೆಂಬುದು ದಾನಿಗಳ ಉದ್ದೇಶ. ಯಂತ್ರ ನಡೆಸುವವಳು ನಾನು. ವ್ಯಾನು ನಡೆಸುವವರು ಹಿಂದೆ ಬಹಳ ವರ್ಷ ಖಾಸಗಿ ಬಸ್ಸು ಓಡಿಸಿದ್ದ ಚಾಲಕರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಸ್ವಿಚ್ಚುಗಳು ಯಾವುದಕ್ಕೆಂದು ಮೊದಲ ದಿನವೇ ಕೇಳಿದೆ.

"ಅದ್ ಎಂತಕ್ ಅಂದ್ಹೇಳಿ ಯಾರಿಗೂ ಗೊತ್ತಿಲ್ಲೆ ಮೇಡಂ. ಗೊತ್ತಿಲ್ದದ್ದ್ ಮುಟ್ಟುಕಾಗ" ಎಂದರು.

ಹೆದ್ದಾರಿ ಇನ್ನೂ ಅಗಲವಾಗಿರದ ಕಾಲ. ಮಳೆಗಾಲ ಮುಗಿದ ಮೇಲೆ ಬೈಂದೂರು ಕಡೆಯ ಒಂದು ಕೇರಿಗೆ ನಮ್ಮ ಮೊದಲ ಪ್ರಯಾಣ ಗೊತ್ತಾಯಿತು. ಹೆದ್ದಾರಿಯಿಂದ ಪಶ್ಚಿಮಕ್ಕೆ ತಿರುಗಿದರೆ ಕಾಂಕ್ರೀಟು ರಸ್ತೆ ತೆಂಗಿನ ಸಾಲಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಮನೆಗಳಿಗೂ ಸಮುದ್ರಕ್ಕೂ ನಡುವೆ ಬರೀ ಮರಳು. ಅದನ್ನು ದಾಟಿದರೆ ಬಲೆ ಇಡುವ ಚಪ್ಪರ. ಶಿಬಿರ ನಡೆಯಬೇಕಾದದ್ದು ಅಲ್ಲಿ. ಹಿಂದಿನ ದಿನವೇ ಕೇರಿಯವರು ಚಪ್ಪರ ಗುಡಿಸಿ ಬೆಂಚು ಹಾಕಿಟ್ಟಿದ್ದರು.

ಕಾಂಕ್ರೀಟು ಮುಗಿದ ಸ್ವಲ್ಪ ದೂರದಲ್ಲೇ ವ್ಯಾನು ನಿಂತಿತು. ಚಾಲಕರು ಬಸ್ಸಿನ ಅಭ್ಯಾಸದಂತೆ ಎಕ್ಸಲರೇಟರ್ ಒತ್ತಿದರು. ಎಡ ಹಿಂಚಕ್ರವೊಂದೇ ಗಿರ್ರೆಂದು ತಿರುಗಿ ಮರಳನ್ನು ಎರಚುತ್ತ ತನ್ನ ಹೊಂಡವನ್ನು ತಾನೇ ತೋಡಿಕೊಂಡಿತು. ಬಲ ಹಿಂಚಕ್ರ ಅಲುಗಲೇ ಇಲ್ಲ. ನಾನು ಇಳಿದು ಬಗ್ಗಿ ನೋಡಿದೆ. ಒಂದೇ ಅಚ್ಚಿನ ಎರಡು ಚಕ್ರಗಳಲ್ಲಿ ಒಂದು ಹುಚ್ಚು ಹಿಡಿದಂತೆ ತಿರುಗುವುದು, ಇನ್ನೊಂದು ಕಲ್ಲಿನಂತೆ ಕೂತಿರುವುದು ನನಗೆ ವಿಚಿತ್ರವಾಗಿ ಕಂಡಿತು.

ಅಷ್ಟರಲ್ಲಿ ಕೇರಿಯ ಗಂಡಸರು ಬಂದರು. ಅವರಲ್ಲೊಬ್ಬರು ವ್ಯಾನಿನ ಸುತ್ತ ಒಂದು ಸುತ್ತು ಬಂದು, "ಹ್ವಾಯ್ ಡ್ರೈವರ್ರೆ, ದೋಣಿ ಎಳ್ದಾಂಗೆ ಎಳುವ. ಅಷ್ಟ್ ದೊಡ್ಡ್ ದೋಣಿಯೇ ಮೇಲೆ ಬತ್ತ್, ಇದ್ ಬಪ್ದಿಲ್ಯಾ?" ಎಂದರು. ದೋಣಿಯನ್ನು ನೀರಿನಿಂದ ಮೇಲೆಳೆಯುವಾಗ ಅಡಿಗೆ ಅಡ್ಡಡ್ಡಲಾಗಿ ಇಡುವ ಮರದ ತುಂಡುಗಳನ್ನು ಹೊತ್ತು ತಂದರು. ದೋಣಿಯ ಅಡಿ ಜಾರಿಕೊಂಡು ಬರಲೆಂದು ಅವುಗಳಿಗೆ ಮೀನೆಣ್ಣೆ ಸವರಿರುತ್ತದೆ. ನಮ್ಮ ವ್ಯಾನು ವಿಶೇಷದ್ದೆಂಬ ಪ್ರೀತಿಯಿಂದ ಅವತ್ತು ಇನ್ನಷ್ಟು ಸವರಿದ್ದರು. ಹೊಂಡ ಬಗೆದು ಮರಗಳನ್ನು ಚಕ್ರದ ಅಡಿಗೆ ತುರುಕಿದರು. ದೋಣಿ ಜಾರಬೇಕು, ಚಕ್ರ ಹಿಡಿಯಬೇಕು ಎಂಬ ವ್ಯತ್ಯಾಸ ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ ಸಹ. ಚಾಲಕರು ಎಕ್ಸಲರೇಟರ್ ಒತ್ತಿದ ಕೂಡಲೇ ಒಂದು ಮರ ಬಾಣದಂತೆ ಹಿಂದಕ್ಕೆ ಹಾರಿ, ಎಳೆಯಲು ಸಿದ್ಧರಾಗಿ ನಿಂತಿದ್ದ ಒಬ್ಬರ ಮೊಣಕಾಲಿಗೆ ಬಡಿಯಿತು. ಅವರು ಅಲ್ಲೇ ಕುಸಿದು ಕೂತರು. ಮೂಳೆ ಮುರಿದಿಲ್ಲವೆಂದು ಆಮೇಲೆ ತಿಳಿಯಿತು. ಆದರೆ ಎಕ್ಸ್‌ರೇ ಯಂತ್ರವನ್ನು ಬೆನ್ನಿಗೆ ಹೊತ್ತ ವ್ಯಾನಿನ ಎದುರಲ್ಲೇ ಅವರನ್ನು ರಿಕ್ಷಾದಲ್ಲಿ ಹಾಕಿ ಬೇರೆ ಕಡೆ ಎಕ್ಸ್‌ರೇಗೆ ಕಳಿಸಬೇಕಾಯಿತು. ಅಷ್ಟು ಓರೆಯಾಗಿ ಕೂತ ವ್ಯಾನಿನಲ್ಲಿ ಯಂತ್ರ ಚಾಲೂ ಮಾಡುವಂತಿರಲಿಲ್ಲ.

ಮಧ್ಯಾಹ್ನದ ಮೇಲೆ ಟ್ರಾಕ್ಟರ್ ಬಂದು ಎಳೆಯಿತು. ಕತ್ತಲಕೋಣೆಯ ತೊಟ್ಟಿಗಳಲ್ಲಿದ್ದ ದ್ರಾವಣವೆಲ್ಲ ನೆಲಕ್ಕೆ ಚೆಲ್ಲಿತ್ತು. ಒಂದೂ ಫಿಲ್ಮ್ ತೆಗೆಯದೆ ವಾಪಸು ಬಂದೆವು.

ಎರಡನೆಯ ಸಲವೂ ಅದೇ ಮರಳಿನಲ್ಲಿ ಹಾಗೇ ಆಯಿತು, ಸ್ವಲ್ಪ ಬೇರೆ ಜಾಗದಲ್ಲಿ. ಆಡಳಿತಾಧಿಕಾರಿ ನನ್ನನ್ನು ಕರೆಸಿದರು. ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವವರಲ್ಲ. ಇನ್ನೊಮ್ಮೆ ಹೂತರೆ ವ್ಯಾನು ಮರಳಿಗೆ ಇಳಿಯುವುದು ಬೇಡ, ಹೆದ್ದಾರಿಯ ಬದಿಯಲ್ಲೇ ನಿಲ್ಲಿಸಿ, ಬೇಕಾದವರು ಅಲ್ಲಿಗೇ ಬರುತ್ತಾರೆ ಎಂದರು. ಪ್ರಯೋಗಕ್ಕೆಂದು ಮರುವಾರವೇ ಹೆದ್ದಾರಿಯ ಬದಿಯಲ್ಲಿ ಒಂದು ದಿನ ನಿಲ್ಲಿಸಿದೆವು. ಕೇರಿಯಿಂದ ಒಬ್ಬರೂ ಬರಲಿಲ್ಲ. ಸಂಜೆ ನಾನೊಬ್ಬಳೇ ಕೇರಿಗೆ ನಡೆದು ಹೋಗಿ ಕಾರಣ ಕೇಳಿದೆ.

ಹೇಳಿದವರು ಮೀನು ಮಾರುವ ಒಬ್ಬ ಹೆಂಗಸು. ಐವತ್ತರ ಆಸುಪಾಸು. ಬೆಳಿಗ್ಗೆ ಬುಟ್ಟಿ ತುಂಬಿ ಬಸ್ಸು ಹತ್ತಿ ಸಿದ್ದಾಪುರದ ಕಡೆಯ ಮನೆಮನೆಗೆ ಮೀನು ಕೊಡುವುದು ಅವರ ಕಸುಬು. ಕೆಲವು ವಾರಗಳಿಂದ ಮೊಣಕಾಲು ನೋವೆಂದು ಹೇಳಿ ಮನೆಯಲ್ಲೇ ಇದ್ದರು. ಮಾತಾಡುತ್ತಿದ್ದಾಗ ಎರಡು ಸಲ ಎದ್ದು ಹಿತ್ತಿಲಿಗೆ ಹೋಗಿ ಬಂದರು. ಕೆಮ್ಮು ನನಗೆ ಕೇಳಿಸಿತು.

"ಅಮ್ಮ, ನಾ ಮೀನ್ ಮಾರು ಹೆಂಗ್ಸ್" ಎಂದರು. "ರೋಡಂಗೆ ಎದಿ ಫೋಟೊ ತೆಗ್ಸುಕೆ ನಿಂತದ್ದ್ ಒಬ್ರ್ ಕಂಡ್ರ್ ಸಾಕ್. ನಾಳಿಂದ ನನ್ ಬುಟ್ಟಿ ಮೀನ್ ಯಾರ್ ಮುಟ್ತ್ರ್? ಇಲ್ಲಾದ್ರೆ ಊರಿಗ್ ಊರೇ ಒಳ್ಗ್ ಹೋಪ್ದ್. ಯಾರಿಗ್ ಎಂತ ಅಂದ್ಹೇಳಿ ಯಾರಿಗ್ ಗೊತ್ತಾತ್ತ್?"

ಕುಂದಾಪುರದ ಆಸ್ಪತ್ರೆಗೆ ಬನ್ನಿ ಎಂದೆ. ಆಸ್ಪತ್ರೆಯ ಆಯಾಗಳಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರೂ ತನ್ನ ಗಿರಾಕಿಗಳೇ ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ವ್ಯಾನು ಮರಳು ದಾಟಬೇಕೋ ಬೇಡವೋ ಎಂಬುದು ಇನ್ನು ವಾಹನದ ಪ್ರಶ್ನೆಯಾಗಿ ಉಳಿದಿರಲಿಲ್ಲ.

ವ್ಯಾನಿನ ಜೊತೆ ಬಂದಿದ್ದ ಕೈಪಿಡಿ ಆಡಳಿತ ಕಚೇರಿಯಲ್ಲಿತ್ತು. ಪ್ಲಾಸ್ಟಿಕ್ ಹೊದಿಕೆಯನ್ನೇ ಒಡೆದಿರಲಿಲ್ಲ. ಕೇಳಿ ತಂದು ಓದಿದೆ. ಅದರಲ್ಲಿದ್ದ ವಿಷಯ ಕಷ್ಟದ್ದೇನಲ್ಲ. ವಾಹನ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಹಾಗೆ ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗಿಯರುಗಳ ಪೆಟ್ಟಿಗೆ ಡಿಫರೆನ್ಷಿಯಲ್. ರಸ್ತೆಯಲ್ಲಿ ಅದು ಬೇಕೇ ಬೇಕು. ಆದರೆ ಒಂದು ಚಕ್ರ ಸಡಿಲ ಮರಳಿನಲ್ಲಿ ಹಿಡಿತ ಕಳೆದುಕೊಂಡರೆ ತಿರುಗುವುದೆಲ್ಲ ಆ ಚಕ್ರದ ಪಾಲಿಗೇ ಹೋಗುತ್ತದೆ, ಹಿಡಿತವಿರುವ ಚಕ್ರ ಸುಮ್ಮನೆ ನಿಲ್ಲುತ್ತದೆ. ನಾನು ಬಗ್ಗಿ ನೋಡಿದ್ದು ಅದನ್ನೇ. ಲಾಕ್ ಹಾಕಿದರೆ ಎರಡೂ ಚಕ್ರಗಳು ಒಂದಕ್ಕೊಂದು ಬಿಗಿದುಕೊಂಡು ಒಟ್ಟಿಗೇ ತಿರುಗುತ್ತವೆ. ನಮ್ಮ ವ್ಯಾನಿಗೆ ಅಂಥ ಲಾಕುಗಳು ಮೂರು. ಒಂದು ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ, ಎರಡನೆಯದು ಹಿಂದಿನ ಅಚ್ಚಿಗೆ, ಮೂರನೆಯದು ಮುಂದಿನ ಅಚ್ಚಿಗೆ. ಸ್ವಿಚ್ಚು ಒತ್ತಿದಾಗ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಒಳಗೆ ಹಲ್ಲುಗಳು ನಿಜವಾಗಿ ಕೂತ ಮೇಲೆ ಕೆಂಪು ದೀಪ ಬರುತ್ತದೆ. ತೆಗೆಯುವಾಗಲೂ ಹಾಗೇ. ಸ್ವಿಚ್ಚು ಆಫ್ ಮಾಡಿದ ಮಾತ್ರಕ್ಕೆ ಲಾಕು ಬಿಡುವುದಿಲ್ಲ, ಕೆಂಪು ದೀಪ ಆರಬೇಕು.

ಇಂಥ ವ್ಯಾನನ್ನು ಮರಳಿಗಾಗಿ ತರಿಸಿ, ಮರಳಿಗಾಗಿಯೇ ಇದ್ದ ಮೂರು ಸ್ವಿಚ್ಚುಗಳಿಗೆ ಪ್ಲಾಸ್ಟರ್ ಹಚ್ಚಿ, ಮರಳಿನಲ್ಲಿ ಹೂತುಹೋಗುತ್ತದೆಂದು ದೂರುತ್ತಿದ್ದೆವು.

ಆಡಳಿತಾಧಿಕಾರಿಯವರಿಗೆ ಇದನ್ನು ವಿವರಿಸಿದೆ. ಅವರು ಗಮನವಿಟ್ಟು ಕೇಳಿ, ಪ್ಲಾಸ್ಟರ್ ಹಾಗೇ ಇರಲಿ ಎಂದರು. ಕೆಟ್ಟರೆ ಬಿಡಿಭಾಗ ಇಲ್ಲಿ ಸಿಗುವುದಿಲ್ಲ ಎಂಬ ಕಾರಣ ಕೊಟ್ಟರು. ಬೇಡವೆಂದು ಹೇಳಿದರೂ ಅಭ್ಯಾಸ ಮಾಡಬೇಡಿ ಎಂದು ಹೇಳಲಿಲ್ಲ. ನಾನು ಅಷ್ಟನ್ನೇ ಹಿಡಿದುಕೊಂಡೆ. ಕೋಡಿಯ ಕಡೆ ಜನ ಓಡಾಡದ ಒಂದು ಮರಳದಂಡೆಗೆ ಎರಡು ಭಾನುವಾರ ಬೆಳಿಗ್ಗೆ ಚಾಲಕರನ್ನು ಒಪ್ಪಿಸಿ ಹೋದೆ. ಅವರು ಸ್ವಿಚ್ಚು ಮುಟ್ಟಲು ಒಪ್ಪಲಿಲ್ಲ. ಪ್ಲಾಸ್ಟರ್ ಕಿತ್ತವರು ಓಡಿಸಲಿ, ತಾನು ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದರು. ನನಗೆ ಕಾರಿನ ಲೈಸೆನ್ಸ್ ಇತ್ತು. ಪ್ಲಾಸ್ಟರನ್ನು ಕಿತ್ತೆ. ಅಂಟು ಸ್ವಿಚ್ಚುಗಳಿಗೆ ಮೆತ್ತಿಕೊಂಡಿತ್ತು. ಸ್ಪಿರಿಟ್ ಹಾಕಿ ಒರೆಸಿದೆ.

ಮೊದಲು ಎಲ್ಲ ತಪ್ಪಿತು. ಚಕ್ರ ಗಿರಕಿ ಹೊಡೆಯಲು ಶುರುವಾದ ಮೇಲೆ ಲಾಕ್ ಒತ್ತಿದೆ. ಒಳಗೆ ಕಟಕಟ ಸದ್ದಾಯಿತು, ಕೆಂಪು ದೀಪ ಬರಲೇ ಇಲ್ಲ. ಹಲ್ಲುಗಳು ಕೂರಬೇಕಾದರೆ ವಾಹನ ನಿಂತಿರಬೇಕು ಅಥವಾ ತೆವಳುತ್ತಿರಬೇಕು. ಸಿಕ್ಕಿಬಿದ್ದ ಮೇಲಲ್ಲ, ಮರಳಿಗಿಳಿಯುವ ಮೊದಲೇ ಹಾಕಬೇಕು. ಟಯರಿನ ಗಾಳಿ ಅರ್ಧಕ್ಕೆ ಇಳಿಸಿದರೆ ಟಯರು ಅಗಲವಾಗಿ ಹರಡಿಕೊಂಡು ಮರಳಿನ ಮೇಲೆ ಉಳಿಯುತ್ತದೆ ಎಂಬುದನ್ನೂ ಮಾಡಿ ನೋಡಿಯೇ ತಿಳಿದೆ. ಮರಳಿನಲ್ಲಿ ಮಧ್ಯದ ಲಾಕು ಸದಾ ಇರಲಿ, ಮೆದುವಾದಲ್ಲಿ ಹಿಂದಿನದನ್ನು ಸೇರಿಸಬೇಕು. ಮುಂದಿನದು ಕೊನೆಯ ಉಪಾಯ. ಏಕೆಂದರೆ ಅದನ್ನು ಹಾಕಿದ ಮೇಲೆ ಸ್ಟಿಯರಿಂಗು ಮಾತು ಕೇಳುವುದಿಲ್ಲ. ಎರಡೂ ಮುಂಚಕ್ರಗಳು ಒಂದೇ ವೇಗದಲ್ಲಿ ತಿರುಗುವುದರಿಂದ ವ್ಯಾನು ನೇರವಾಗಿಯೇ ಹೋಗಬಯಸುತ್ತದೆ. ಇದು ತಿಳಿದದ್ದು ಮೂರನ್ನೂ ಹಾಕಿಕೊಂಡು ಬಲಕ್ಕೆ ತಿರುಗಿಸಲು ಹೋಗಿ, ನೇರ ಎದುರಿಗಿದ್ದ ಒಂದು ದೋಣಿಯ ಮೂತಿಗೆ ಕೈಯಳತೆಯಲ್ಲಿ ನಿಂತಾಗ.

"ನೀವ್ ಸ್ಟೇರಿಂಗ್ ತಿರ್ಸುದ್ ಆ ಬದಿಗೆ, ಇದ್ ಹೋಪ್ದ್ ಈ ಬದಿಗೆ" ಎಂದು ಚಾಲಕರು ಹೇಳಿದರು. "ನಮ್ಮನಿ ಎಮ್ಮಿ ಹಾಂಗೇ ಇತ್ತ್ ಮರಾಯ್ರೆ. ಅದ್ಕಾರೂ ಹುಲ್ಲ್ ತೋರ್ಸಿರೆ ತಿರ್ಗತ್ತ್."

ಎರಡನೆಯ ಭಾನುವಾರದ ಕೊನೆಗೆ ನಾನು ದಂಡೆಯ ಈ ತುದಿಯಿಂದ ಆ ತುದಿಗೆ ಎಲ್ಲೂ ನಿಲ್ಲದೆ ಹೋಗಿ ಬಂದೆ. ಗಟ್ಟಿ ನೆಲಕ್ಕೆ ಬಂದ ಮೇಲೆ ಒಂದೊಂದೇ ಲಾಕು ತೆಗೆದೆ. ಮೂರನೆಯದರ ಕೆಂಪು ದೀಪ ಆರಲಿಲ್ಲ. ಹಲ್ಲುಗಳು ಬಿಗಿದುಕೊಂಡಿದ್ದರೆ ಸ್ವಲ್ಪ ಹಿಂದಕ್ಕೆ ಹೋಗಿ ಸಡಿಲಿಸಬೇಕೆಂದು ಕೈಪಿಡಿಯಲ್ಲಿತ್ತು. ಹಾಗೆ ಮಾಡಿದೆ. ಟಕ್ಕೆಂದು ಸದ್ದಾಗಿ ದೀಪ ಆರಿತು. ಈ ದೀಪ ಉರಿಯುತ್ತಿರುವಾಗ ರಸ್ತೆ ಹತ್ತಬಾರದು, ರಸ್ತೆಯಲ್ಲಿ ಚಕ್ರಕ್ಕೆ ಜಾರಲು ಜಾಗವಿಲ್ಲ, ಒಳಗೆ ಏನಾದರೂ ಮುರಿಯಲೇಬೇಕು ಎಂದು ಚಾಲಕರಿಗೆ ಹೇಳಿದೆ. ಅವರು ಅಡ್ಡಿಲ್ಲೆ, ಅಡ್ಡಿಲ್ಲೆ ಎಂದರು.

ಮೂರನೆಯ ಸಲ ಕೇರಿಗೆ ಹೋದ ದಿನ ಕಾಂಕ್ರೀಟು ಮುಗಿಯುವಲ್ಲಿ ಚಾಲಕರು ವ್ಯಾನು ನಿಲ್ಲಿಸಿ ಇಳಿದರು. ಇಲ್ಲಿಂದ ಮುಂದೆ ಹೂತರೆ ಹೆಸರು ನನ್ನದಾಗಲಿ, ತನ್ನದು ಬೇಡ ಎಂದರು. ಸಮುದ್ರ ಏರುತ್ತಿತ್ತು. ಚಪ್ಪರದ ಹತ್ತಿರ ಜನ ನಿಂತು ನೋಡುತ್ತಿದ್ದರು. ಎಣ್ಣೆ ಸವರಿದ ಮರಗಳೂ ಸಿದ್ಧವಾಗಿದ್ದವು. ನಾನು ಕೈಯೆತ್ತಿ ಬೇಡವೆಂದೆ. ಹೂತರೆ ಇವತ್ತೇ ಕೊನೆ, ಹಿಂದಿರುಗಿದರೂ ಇವತ್ತೇ ಕೊನೆ ಎಂಬುದು ನನಗೆ ಸ್ಪಷ್ಟವಿತ್ತು. ಗಾಳಿ ಇಳಿಸಿದೆ. ಮಧ್ಯದ್ದನ್ನು ಒತ್ತಿದೆ. ಕೆಂಪು. ಹಿಂದಿನದನ್ನು ಒತ್ತಿ ಒಂದು ಗೇಣು ತೆವಳಿಸಿದೆ. ಕೆಂಪು. ಎರಡನೆಯ ಗಿಯರಿನಲ್ಲಿ, ಒಂದೇ ವೇಗದಲ್ಲಿ, ಬ್ರೇಕು ಮುಟ್ಟದೆ ಹೊರಟೆ. ಹಿಂದೆ ನಾವು ತೋಡಿದ್ದ ಹೊಂಡದ ಗುರುತಿನ ಪಕ್ಕದಲ್ಲಿ ವ್ಯಾನಿನ ಹಿಂಭಾಗ ಒಮ್ಮೆ ಕುಸಿದಂತಾಯಿತು, ಎರಡೂ ಹಿಂಚಕ್ರಗಳು ಒಟ್ಟಿಗೇ ಮರಳನ್ನು ಅಗೆದು ಎತ್ತಿಕೊಂಡವು. ಮುಂದಿನ ಲಾಕು ಬೇಕಾಗಲಿಲ್ಲ. ಚಪ್ಪರದ ಮುಂದೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ.

ಅವತ್ತು ಇಡೀ ಕೇರಿ ವ್ಯಾನಿನೊಳಗೆ ಬಂದು ಹೋಯಿತು. ಕೆಲವು ದಿನಗಳ ಬಳಿಕ ಫಲಿತಾಂಶ ತಿಳಿಸಲು ಹೋದಾಗಲೂ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಒಳಗೆ ಕರೆದೆ. ಎದೆಯಲ್ಲಿ ಏನೂ ಇಲ್ಲದವರನ್ನೂ ರೋಗವಿದ್ದವರಷ್ಟೇ ಹೊತ್ತು ಕೂರಿಸಿಕೊಂಡೆ. ಬೇಗ ಹೊರಬಂದವರು ಯಾರು, ತಡವಾಗಿ ಬಂದವರು ಯಾರು ಎಂದು ಹೊರಗಿನವರು ಗಮನಿಸುತ್ತಾರೆಂದು ನನಗೆ ಗೊತ್ತಿತ್ತು. ಏನೂ ಇಲ್ಲದವರ ಹತ್ತಿರ ಏನು ಮಾತಾಡುವುದೆಂದು ತೋಚದೆ ಮಕ್ಕಳೆಷ್ಟು, ಯಾವ ಶಾಲೆ ಎಂದು ಕೇಳುತ್ತಿದ್ದೆ. ಮಾತು ನನಗೆ ಸುಲಭವಲ್ಲ. ಅದು ಆ ಕೆಲಸದ ಅತ್ಯಂತ ಕಷ್ಟದ ಭಾಗವಾಗಿತ್ತು.

ಮೀನು ಮಾರುವ ಆ ಹೆಂಗಸಿನ ಫಿಲ್ಮಿನಲ್ಲಿ ಬಲ ಮೇಲ್ಭಾಗ ಮಬ್ಬಾಗಿತ್ತು. ಆಸ್ಪತ್ರೆಯ ವೈದ್ಯರು ಕಫ ಪರೀಕ್ಷೆ ಮಾಡಿಸಿ ಖಚಿತಪಡಿಸಿದ್ದರು. ನಾನು ಹೇಳಿದಾಗ ಅವರು ಅಳಲಿಲ್ಲ. ಹೊರಗೆ ಕಾಯುತ್ತಿದ್ದವರ ಸದ್ದಿನ ಕಡೆ ಒಮ್ಮೆ ಕಿವಿಗೊಟ್ಟು, ಮೊಣಕಾಲನ್ನು ನೀವಿಕೊಂಡು, ಕುಂಟುತ್ತ ಇಳಿದು ಹೋದರು. ಮೊಣಕಾಲಿನ ನೋವು ಕೇರಿಯಲ್ಲಿ ಮುಂದುವರಿಯಿತು. ಮಾತ್ರೆಗಳನ್ನು ವ್ಯಾನಿನಲ್ಲೇ ಒಯ್ದು ಕೊಡುತ್ತಿದ್ದೆವು. ಕೆಲವು ವಾರ ಕಳೆದ ಮೇಲೆ ಇನ್ನು ಬೇರೆಯವರಿಗೆ ಹರಡುವ ಭಯವಿಲ್ಲ, ಕಸುಬಿಗೆ ಹೋಗಬಹುದು ಎಂದು ವೈದ್ಯರು ಹೇಳಿ ಕಳಿಸಿದರು. ಅವರು ಮತ್ತೆ ಬುಟ್ಟಿ ಹೊತ್ತರು. ಮಾತ್ರೆ ಮುಗಿದ ಕೂಡಲೇ ಇನ್ನೊಂದು ಎಕ್ಸ್‌ರೇ ತೆಗೆದು, ಶ್ವಾಸಕೋಶದ ಗಾಯ ಮಾಗಿದೆಯೇ, ಔಷಧ ಇನ್ನೂ ಬೇಕೇ ಎಂದು ನಿರ್ಧರಿಸಬೇಕಿತ್ತು. ಮಾಗದೆ ಬಿಟ್ಟರೆ ಮರಳಿ ಬರುವ ರೋಗ ಮೊದಲಿನದಕ್ಕಿಂತ ಹಟಮಾರಿ. ಇದನ್ನು ಅವರಿಗೆ ಎರಡೆರಡು ಸಲ ಹೇಳಿದ್ದೆ. "ನೀವ್ ಬಪ್ದಾರೆ ನಂಗೆಂತ ಹೆದ್ರಿಕಿ" ಎಂದಿದ್ದರು.

ಆ ಬೇಸಿಗೆಯವರೆಗೆ ವ್ಯಾನು ಒಮ್ಮೆಯೂ ಹೂತುಹೋಗಲಿಲ್ಲ. ಮರಳು ಬಂದಾಗ ಚಾಲಕರು ಇಳಿಯುವುದು, ನಾನು ಹತ್ತುವುದು, ಹಿಂದಿರುಗಿ ಕಾಂಕ್ರೀಟಿಗೆ ಬಂದಾಗ ದೀಪಗಳು ಆರಿವೆಯೇ ಎಂದು ನೋಡಿ ಅವರ ಕೈಗೆ ಕೊಡುವುದು ರೂಢಿಯಾಯಿತು. ಮರಳಿನ ಮೇಲೆ ನಾನು ಓಡಿಸುವುದು ಆಡಳಿತಾಧಿಕಾರಿಯವರ ಕಿವಿಗೆ ಬಿದ್ದಿತ್ತು. ಅವರು ತಡೆಯಲಿಲ್ಲ. ಶಿಬಿರಗಳ ಚಿತ್ರ ದಾನಿಗಳಿಗೆ ಹೋಗುತ್ತಿತ್ತು.

ಮಳೆ ಇನ್ನೂ ಬಂದಿರಲಿಲ್ಲ. ಟ್ರಸ್ಟಿನ ಅಧ್ಯಕ್ಷರ ಮನೆಗೆ ದೂರದಿಂದ ನೆಂಟರು ಬಂದರು. ಅವರಿಗೆ ಸಿದ್ದಾಪುರದಾಚೆಯ ಘಟ್ಟದ ಬುಡ ನೋಡಬೇಕಿತ್ತು. ಕಾರುಗಳಿಗೆ ದಾರಿ ಸರಿಯಿಲ್ಲ, ನಾಲ್ಕೂ ಚಕ್ರ ಎಳೆಯುವ ವ್ಯಾನು ಇದೆಯಲ್ಲ ಎಂದು ಯಾರಿಗೋ ಹೊಳೆಯಿತು. ರಜೆಯ ದಿನ. ನನಗೆ ಹೇಳಿರಲಿಲ್ಲ. ಎಕ್ಸ್‌ರೇ ಯಂತ್ರದ ಎದುರಿನ ಬೆಂಚಿನ ಮೇಲೆ ನೆಂಟರನ್ನು ಕೂರಿಸಿಕೊಂಡು ಹೋದರಂತೆ. ನಡುವೆ ಎಲ್ಲೋ ಒಂದು ಸಣ್ಣ ಹಳ್ಳದಲ್ಲಿ ಕೆಸರಿತ್ತು. ಮುಂದೆ ಕೂತಿದ್ದ ನೆಂಟರೊಬ್ಬರು ಮೂರು ಸ್ವಿಚ್ಚುಗಳನ್ನೂ ಒತ್ತಿಸಿದರು. ಹಳ್ಳ ದಾಟಿದ ಮೇಲೆ ಚಾಲಕರು ಸ್ವಿಚ್ಚು ಆಫ್ ಮಾಡಿದರು. ಒಂದು ಕೆಂಪು ದೀಪ ಉರಿಯುತ್ತಲೇ ಇತ್ತು. ಹಿಂದಕ್ಕೆ ಹೋಗಿ ಸಡಿಲಿಸಬೇಕೆಂದು ಅವರಿಗೆ ನೆನಪಾಯಿತಂತೆ. ಆದರೆ ನೆಂಟರ ಎದುರು ಮುಂದೆ ಹೋಗುವ ಬದಲು ಹಿಂದಕ್ಕೆ ಹೋಗಲು ಸಂಕೋಚವಾಯಿತು. ಗಟ್ಟಿ ಕೆಂಪು ಮುರಕಲ್ಲಿನ ಏರು, ಒಂದರ ಮೇಲೊಂದು ತಿರುವು. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಗುಂಡು ಹೊಡೆದಂಥ ಸದ್ದಾಗಿ ಮುಂದಿನ ಬಲಚಕ್ರದ ಅಚ್ಚುಕೋಲು ತುಂಡಾಯಿತು.

ಇಷ್ಟನ್ನೂ ನನಗೆ ಹೇಳಿದವರು ಚಾಲಕರೇ. ಆದರೆ ಮರುದಿನದ ಮಟ್ಟಿಗೆ ಮಾತ್ರ. ಅದರ ಮರುದಿನ ಕೇಳಿದಾಗ, "ಎಂತ ಆಯ್ತೋ ಗೊತ್ತಾಯಿಲ್ಲೆ ಮೇಡಂ. ಮೊದ್ಲೇ ಸವ್ದಿತ್ತ್ ಕಾಣ್ತ್" ಎಂದರು. ಕಣ್ಣು ತಪ್ಪಿಸಿದರು. ನಾನು ಮತ್ತೆ ಕೇಳಲಿಲ್ಲ. ಅವರ ಬಾಯಿಂದ ಇನ್ನೊಮ್ಮೆ ಸುಳ್ಳು ಹೇಳಿಸುವುದು ನನಗೂ ಬೇಡವಾಗಿತ್ತು.

ವ್ಯಾನನ್ನು ಕುಂದಾಪುರದ ಒಂದು ಗ್ಯಾರೇಜಿಗೆ ಎಳೆದು ತಂದರು. ಮೆಕ್ಯಾನಿಕ್ ತುಂಡಾದ ಕೋಲನ್ನು ಗೋಣಿಚೀಲದ ಮೇಲಿಟ್ಟು ತೋರಿಸಿದರು. ಮುರಿದ ತುದಿ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು.

"ಹೊಯ್ಗೆಯಂಗೆ ಇದ್ ಹೀಂಗ್ ತುಂಡಾತಿಲ್ಲೆ" ಎಂದರು. ಮರಳಿಗೆ ಅವರು ಹೊಯ್ಗೆ ಎನ್ನುವುದು. "ಹೊಯ್ಗೆ ಬಿಟ್ ಕೊಡ್ತ್. ರಸ್ತಿ ಬಿಟ್ ಕೊಡ್ದಿಲ್ಲೆ. ಇದ್ ಗಟ್ಟಿ ನೆಲದಂಗೆ ಲಾಕ್ ಹಾಕಿ ತಿರ್ಸಿದ್ದೇ ಸೈ. ನೀವ್ ಹೇಳಿ ಅಂದ್ರೆ ಮೀಟಿಂಗಿಗೂ ಬಂದ್ ಹೇಳ್ತೆ."

ಟ್ರಸ್ಟಿನ ಸಭೆಗೆ ಮೊದಲು ಆಡಳಿತಾಧಿಕಾರಿ ನನ್ನನ್ನು ಕೋಣೆಗೆ ಕರೆದು ಕೂರಿಸಿದರು. ಚಹಾ ತರಿಸಿದರು. ಅವರಿಗೆ ಕಾರಣ ಗೊತ್ತಿತ್ತು. ಅಧ್ಯಕ್ಷರ ನೆಂಟರ ಹೆಸರು ಸಭೆಯಲ್ಲಿ ಬಂದರೆ ದಾನಿಗಳವರೆಗೆ ಮಾತು ಹೋಗುತ್ತದೆ, ಅಧ್ಯಕ್ಷರು ವ್ಯಾನನ್ನೇ ಕೈಬಿಡುತ್ತಾರೆ ಎಂದು ವಿವರಿಸಿದರು. ಕೆಲಸ ಮಾಡುವಾಗ ಮುರಿಯಿತೆಂದು ಬಿಟ್ಟುಬಿಟ್ಟರೆ ಬಿಡಿಭಾಗ ತರಿಸಲು ದಾನಿಗಳು ಒಪ್ಪುತ್ತಾರೆ. "ನೀವು ಸುಳ್ಳು ಹೇಳುದು ಬೇಡ. ಕಾರಣದ ಮಾತು ಬಂದಾಗ ಸುಮ್ನೆ ಇರಿ ಸಾಕು. ಕೋಲು ತರ್ಸುದು ನನ್ನ ಜವಾಬ್ದಾರಿ" ಎಂದರು.

ಚಹಾ ಮುಗಿಯುವವರೆಗೆ ಯೋಚಿಸಿದೆ. ಆ ವಾರ ಮೀನಿನ ಹೆಂಗಸಿನ ಮಾತ್ರೆಗಳು ಮುಗಿಯುತ್ತಿದ್ದವು. ನನ್ನ ಹೆಸರಿಗೂ ವ್ಯಾನಿಗೂ ನಡುವೆ ಒಂದನ್ನು ಆರಿಸಬೇಕಾದರೆ ವ್ಯಾನು ಎಂದು ತೀರ್ಮಾನಿಸಿದೆ. ಸಭೆಗೆ ಬರುವುದು ಬೇಡವೆಂದು ಮೆಕ್ಯಾನಿಕ್‌ಗೆ ಹೇಳಿ ಕಳಿಸಿದೆ. ಅಂದು ನನಗೆ ತಿಳಿದಿದ್ದಷ್ಟನ್ನೇ ಇಟ್ಟುಕೊಂಡು ಮತ್ತೆ ನಿರ್ಧರಿಸು ಎಂದರೆ ಈಗಲೂ ಅದನ್ನೇ ಮಾಡುತ್ತೇನೆ. ಅದೇ ನನಗೆ ಹೆಚ್ಚು ಕಹಿಯಾಗಿರುವುದು.

ಸಭೆಯಲ್ಲಿ ಅಧ್ಯಕ್ಷರು ನನ್ನ ಕಡೆ ತಿರುಗಿ, ವ್ಯಾನನ್ನು ಮರಳಿನಲ್ಲಿ ಓಡಿಸುತ್ತಿದ್ದವಳು ನಾನೇ ತಾನೇ ಎಂದು ಕೇಳಿದರು. ಹೌದೆಂದೆ. ಲಾಕುಗಳನ್ನು ಬಳಸುತ್ತಿದ್ದವಳೂ ನಾನೇ ತಾನೇ ಎಂದರು. ಹೌದೆಂದೆ. ಎರಡೂ ಸತ್ಯ. ಮುಂದಿನ ಪ್ರಶ್ನೆ ಬರಲಿಲ್ಲ. ಅವರು ಉಳಿದವರ ಕಡೆ ತಿರುಗಿ, ವಿದ್ಯಾವಂತ ಹುಡುಗಿ, ಉತ್ಸಾಹ ಹೆಚ್ಚು, ತಪ್ಪು ಹಿಡಿಯುವುದು ಬೇಡ ಎಂದು ಸೌಜನ್ಯದಿಂದ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಬಳಿಕ ತೀರ್ಮಾನ ಓದಿದರು. ಮರಳಿನ ಓಡಾಟದಿಂದ ವಾಹನಕ್ಕೆ ಹಾನಿಯಾಗಿರುವುದರಿಂದ ಇನ್ನು ಅದನ್ನು ಮರಳಿಗಿಳಿಸಬಾರದು. ಮರಳಿಗೆ ಇಳಿಯದ ವಾಹನಕ್ಕೆ ಮುಂಚಕ್ರದ ಬಲ ಬೇಕಿಲ್ಲವಾದ್ದರಿಂದ ಹೊಸ ಕೋಲು ತರಿಸುವ ಅಗತ್ಯವೂ ಇಲ್ಲ. ಮುಂದಿನ ಭಾಗಗಳನ್ನು ಬಿಚ್ಚಿ ಹಿಂಚಕ್ರಗಳಿಂದಲೇ ಓಡಿಸುವುದು.

ನಾನು ಆಡಳಿತಾಧಿಕಾರಿಯವರನ್ನು ನೋಡಿದೆ. ಅವರು ಕನ್ನಡಕ ಒರೆಸುತ್ತಿದ್ದರು. ಹೊರಗೆ ಬಂದ ಮೇಲೆ, ಹೀಗಾಗುತ್ತದೆಂದು ತಾವೂ ಎಣಿಸಿರಲಿಲ್ಲ ಎಂದರು. ಅದು ನಿಜವಿದ್ದರೂ ಇರಬಹುದು. ಗ್ಯಾರೇಜಿನ ಮಾತನ್ನು ಈಗ ಹೇಳಿಸುತ್ತೇನೆ ಎಂದೆ. ಸಭೆಯಲ್ಲಿ ಒಪ್ಪಿಕೊಂಡು ಹೊರಗೆ ಬಂದು ಬೇರೆ ಹೇಳಿದರೆ ಯಾರು ನಂಬುತ್ತಾರೆ ಎಂದರು. ಮೆಲ್ಲಗೆ, ನನ್ನ ಒಳ್ಳೆಯದಕ್ಕೇ ಎಂಬಂತೆ ಹೇಳಿದರು.

ಹಾಗೆ ವ್ಯಾನು ರಸ್ತೆಗೆ ಮರಳಿತು. ಹೆದ್ದಾರಿಯ ಬದಿ, ಕೇರಿಗೆ ತಿರುಗುವ ದಾರಿಯ ಎದುರು, ಚಹಾದಂಗಡಿಯ ಪಕ್ಕ ನಮ್ಮ ಶಿಬಿರ. ರಿಕ್ಷಾಕ್ಕೆ ಮೈಕು ಕಟ್ಟಿ ಬೆಳಿಗ್ಗೆಯಿಂದ ಕೂಗಿಸಿದ್ದರು. ಬಸ್ಸಿಗೆ ಕಾಯುವವರು, ಚಹಾ ಕುಡಿಯುವವರು ವ್ಯಾನನ್ನು ನೋಡುತ್ತ ಕೂತಿದ್ದರು. ಒಳಗೆ ಹತ್ತಿದವರು ತಮಗೇನೂ ಇಲ್ಲವೆಂದು ಖಚಿತವಿದ್ದ ಇಬ್ಬರು ಮಾತ್ರ.

ಹಿಂದಿನ ಸಂಜೆ ನಾನು ಕೇರಿಗೆ ಹೋಗಿ ಮೀನಿನ ಹೆಂಗಸಿಗೆ ಹೇಳಿ ಬಂದಿದ್ದೆ. ವ್ಯಾನು ಇನ್ನು ಇಲ್ಲಿಗೆ ಬರುವುದಿಲ್ಲ, ನಾಳೆ ರಸ್ತೆಗೆ ಬನ್ನಿ, ಒಂದೇ ಒಂದು ಸಲ ಎಂದಿದ್ದೆ. ಅವರು ಬತ್ತೆ ಎನ್ನಲಿಲ್ಲ, ಬಪ್ದಿಲ್ಲೆ ಎನ್ನಲಿಲ್ಲ. ಕಾಂಬ, ಅಂದರೆ ನೋಡೋಣ, ಎಂದಿದ್ದರು.

ಬೆಳಿಗ್ಗೆಯ ಬಸ್ಸಿನ ಹೊತ್ತಿಗೆ ಅವರು ತಲೆಯ ಮೇಲೆ ಬುಟ್ಟಿ ಹೊತ್ತು ತೆಂಗಿನ ಸಾಲಿನ ಕಡೆಯಿಂದ ಬರುವುದು ಕಂಡಿತು. ನಾನು ಒಳಗೆ ಹೋಗಿ ಕ್ಯಾಸೆಟ್ಟಿಗೆ ಫಿಲ್ಮ್ ತುಂಬಿ, ಯಂತ್ರಕ್ಕೆ ಹಾಕಿ, ಅವರ ಎತ್ತರಕ್ಕೆ ಸರಿಯಾಗಿ ಅದನ್ನು ಇಳಿಸಿಟ್ಟೆ. ಹೊರಗೆ ಬಂದಾಗ ಅವರು ವ್ಯಾನಿನ ಮೆಟ್ಟಿಲಿನ ಎದುರೇ ನಿಂತಿದ್ದರು. ಚಹಾದಂಗಡಿಯ ಬೆಂಚಿನಲ್ಲಿದ್ದವರು ತಿರುಗಿ ನೋಡಿದರು.

"ಬೈಗೆ ಮೀನ್ ಇತ್ತ್, ಅಮ್ಮ. ತಾಜಾ. ಬೇಕಾ?" ಎಂದು ಕೇಳಿದರು, ನನ್ನನ್ನು ಎಂದೂ ಕಂಡಿಲ್ಲದವರ ಹಾಗೆ.

ಒಳಗೆ ಬನ್ನಿ, ಎರಡೇ ನಿಮಿಷ ಎಂದು ಅವರಿಗೆ ಮಾತ್ರ ಕೇಳುವಂತೆ ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಗಂಟಲಿಗೆ ಬಂದ ಕೆಮ್ಮನ್ನು ಒಳಗೇ ನುಂಗಿದರು. ಕಣ್ಣಲ್ಲಿ ನೀರು ತುಂಬುವಷ್ಟು ಪ್ರಯಾಸದಿಂದ ನುಂಗಿದರು. ಆಮೇಲೆ ಬೆಂಚಿನವರಿಗೂ ಕೇಳುವಂತೆ, "ಬೇಡ ಅಂದ್ರೆ ಬೇಡ ಅನ್ನಿ ಅಮ್ಮ. ನಂಗ್ ಬಸ್ಸಿಗ್ ಹೊತ್ತಾಯ್ತ್" ಎಂದರು.

ಬೇಡ ಎಂದೆ.

ಬಸ್ಸು ಬಂತು. ಕಂಡಕ್ಟರ್ ಅವರನ್ನು ಗದರುತ್ತಲೇ ಬುಟ್ಟಿ ಎತ್ತಲು ಕೈಜೋಡಿಸಿದ. ಅವರು ಅವನಿಗೆ ಏನೋ ತಿರುಗೇಟು ಕೊಟ್ಟರು, ಬಸ್ಸಿನಲ್ಲಿದ್ದವರು ನಕ್ಕರು. ಬಸ್ಸು ಮರೆಯಾದ ಮೇಲೆ ನಾನು ಒಳಗೆ ಹೋಗಿ ಯಂತ್ರದಿಂದ ಕ್ಯಾಸೆಟ್ಟನ್ನು ಹೊರತೆಗೆದೆ, ಕತ್ತಲಕೋಣೆಯ ಬಾಗಿಲು ಹಾಕಿಕೊಂಡು ಫಿಲ್ಮನ್ನು ಬಿಡಿಸಿ ಪೆಟ್ಟಿಗೆಗೆ ಹಾಕಿದೆ.